ನೂರ ಹನ್ನೆರಡನೇ ಪುಟದ ಚೀಟಿ

ಚಿಕ್ಕಬಳ್ಳಾಪುರದ ಬಸ್ ನಿಲ್ದಾಣದ ಹತ್ತಿರ ಹಳೆಯ ಪಠ್ಯಪುಸ್ತಕ ಮಾರುವ ಅಂಗಡಿಯೊಂದಿದೆ. ಕಳೆದ ವಾರ ಶಿಡ್ಲಘಟ್ಟದ ಬಸ್ಸಿಗೆ ಇನ್ನೂ ಹೊತ್ತಿತ್ತು, ಅಲ್ಲಿ ನಿಂತಿದ್ದೆ. ಹೆಗಲಿಗೆ ಕಾಲೇಜು ಬ್ಯಾಗು ಹಾಕಿಕೊಂಡ ಹುಡುಗಿಯೊಬ್ಬಳು ಬಂದು ನಾನು ಬರೆದ ವೆಬ್ ಪ್ರೋಗ್ರಾಮಿಂಗ್ ಪುಸ್ತಕವನ್ನೇ ಕೇಳಿದಳು. ಅಂಗಡಿಯವರು ರಾಶಿಯಿಂದ ಒಂದನ್ನು ಎಳೆದು ಕೊಟ್ಟರು. ಅವಳು ಹಾಳೆಗಳನ್ನು ಹೆಬ್ಬೆರಳಲ್ಲಿ ಸರಸರ ಓಡಿಸಿ, ಒಂದು ಕಡೆ ನಿಲ್ಲಿಸಿ, ಮೂಗು ಮುರಿದಳು.

"ಅಣ್ಣ, ಇದ್ರಲ್ಲಿ ಯಾರೋ ಚೀಟಿ ಅಂಟ್ಸವ್ರೆ. ಅಂಟಿಸ್ದೇ ಇರೋದು ಕೊಡಿ."

ಯಾವ ಪುಟವೆಂದು ನಾನು ನೋಡಬೇಕಾಗಿರಲಿಲ್ಲ. ನೂರ ಹನ್ನೆರಡು. ಮೈದಾ ಅಂಟು ಒಣಗಿದ ಮೇಲೆ ಆ ಹಾಳೆ ಸ್ವಲ್ಪ ಸೊಟ್ಟಗಾಗುತ್ತದೆ, ಅದಕ್ಕೇ ಪುಸ್ತಕ ಅಲ್ಲೇ ತೆರೆದುಕೊಳ್ಳುತ್ತದೆ. ಅವಳ ಕೈಯಿಂದ ಅದನ್ನು ಇಸಿದುಕೊಂಡು ಮೂಗಿನ ಹತ್ತಿರ ಹಿಡಿದೆ. ಹುಳಿ ಬಂದ ಅಂಟಿನ ವಾಸನೆ ಇನ್ನೂ ಇತ್ತು. ಇತ್ತು ಎಂದು ಬರೆಯುತ್ತಿದ್ದೇನೆ. ಇಷ್ಟು ವರ್ಷದ ಮೇಲೆ ನಿಜವಾಗಿ ಇತ್ತೋ, ನಾನೇ ತಂದುಕೊಂಡೆನೋ ಹೇಳಲಾರೆ. ನನ್ನ ನೆನಪಿನ ಮೇಲೆ ನನಗೆ ನಂಬಿಕೆ ಹೋದದ್ದೇ ಆ ಚೀಟಿಗಳನ್ನು ಅಂಟಿಸಿದ ಮಳೆಗಾಲದಲ್ಲಿ. ಆದ್ದರಿಂದ ಆ ವರ್ಷದ ದಿನಚರಿಯನ್ನು ಪಕ್ಕದಲ್ಲಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಅದಕ್ಕೂ ನನಗೂ ಹೊಂದಿಕೆಯಾಗದ ಕಡೆ ಹಾಗೆಂದು ಹೇಳುತ್ತೇನೆ.

ನಾನು ಚಿಂತಾಮಣಿಯ ಒಂದು ಕಾಲೇಜಿನಲ್ಲಿ ಬಿಸಿಎ ಮಕ್ಕಳಿಗೆ ಪಾಠ ಮಾಡುತ್ತೇನೆ. ಮನೆ ಶಿಡ್ಲಘಟ್ಟದಲ್ಲಿ. ನಮ್ಮ ಮಕ್ಕಳಲ್ಲಿ ಮುಕ್ಕಾಲು ಪಾಲು ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು. ಮನೆಯಲ್ಲಿ ತೆಲುಗೋ ಉರ್ದುವೋ ಆಡುವವರು. ಇಂಗ್ಲಿಷಿನ ದಪ್ಪ ಪುಸ್ತಕಗಳನ್ನು ಅವರು ಅರ್ಥ ಮಾಡಿಕೊಳ್ಳದೆ ಉರು ಹೊಡೆಯುವುದನ್ನು ನೋಡಿ ನೋಡಿ, ಪ್ರೋಗ್ರಾಮುಗಳನ್ನು ಹಾಗೇ ಇಟ್ಟು ವಿವರಣೆಯನ್ನೆಲ್ಲ ಕನ್ನಡದಲ್ಲಿ ಬರೆದ ಒಂದು ಪುಸ್ತಕ ಮಾಡಿದೆ. ಶಿಡ್ಲಘಟ್ಟದಲ್ಲಿ ಪ್ರೆಸ್ ಇಟ್ಟಿರುವ ಖಲೀಲ್ ಸಾಹೇಬರು ಅದನ್ನು ಅಚ್ಚು ಹಾಕಿ, ತಾವೇ ಪ್ರಕಾಶಕರೂ ಆದರು. ಅಲ್ಲಿಯವರೆಗೆ ಅವರು ಅಚ್ಚು ಹಾಕಿದ್ದೆಲ್ಲ ಮದುವೆ ಕಾರ್ಡು, ರಸೀದಿ ಪುಸ್ತಕ, ಕರಪತ್ರ. ಸಾವಿರ ಪ್ರತಿ. ಸುತ್ತಲಿನ ನಾಲ್ಕು ಊರಿನ ಕಾಲೇಜುಗಳಲ್ಲಿ ಅದು ಮೂರು ವರ್ಷ ನಡೆಯಿತು. ನಾನು ಬಸ್ಸಿನಲ್ಲಿ ಹೋಗುವಾಗ ಯಾರದೋ ತೊಡೆಯ ಮೇಲೆ ಅದು ಕಂಡರೆ ಕಿಟಕಿಯ ಕಡೆ ಮುಖ ಮಾಡಿ ಒಳಗೊಳಗೇ ಹಿಗ್ಗುತ್ತಿದ್ದೆ. ಇದು ದಿನಚರಿಯಲ್ಲಿಲ್ಲ, ಆದರೂ ನಿಜ.

ಆಷಾಢದ ಒಂದು ದಿನ ಚೈತ್ರಳ ಫೋನು ಬಂತು. ನನ್ನ ನೆನಪಿನಲ್ಲಿ ಆಗ ಜೋರು ಮಳೆ. ದಿನಚರಿಯಲ್ಲಿ "ಬರೀ ಗಾಳಿ, ಮಳೆ ಇಲ್ಲ" ಎಂದಿದೆ.

"ಮೇಡಂ, ನಾನು ಚೈತ್ರ. ಪುಸ್ತಕ ಬಂದ ವರ್ಷದ ಬ್ಯಾಚು. ಈಗ ದಿಬ್ಬೂರಹಳ್ಳಿಗೆ ಮದುವೆಯಾಗಿ ಬಂದಿದ್ದೀನಿ."

"ಗೊತ್ತಮ್ಮ, ಹೇಳು." ಮುಖ ಸರಿಯಾಗಿ ನೆನಪಾಗಿರಲಿಲ್ಲ. ಗೊತ್ತು ಎನ್ನುವುದು ಮೇಷ್ಟ್ರುಗಳ ಚಾಳಿ.

"ಪುಸ್ತಕದಲ್ಲಿ ಫಾರ್ಮಿನ ಪ್ರೋಗ್ರಾಮಿದೆಯಲ್ಲ ಮೇಡಂ, ಎಚ್ಚರಿಕೆ ಬರೋದು? ಅದನ್ನ ಒಂದ್ಸಲ ಓಡಿಸಿ ನೋಡ್ತೀರ? ಎಚ್ಚರಿಕೆ ಬರೋವರೆಗೆ ಅಲ್ಲ. ಆಮೇಲೂ."

ತಪ್ಪು ಎಂಬ ಮಾತನ್ನು ಅವಳು ಆಡಲಿಲ್ಲ.

ನೂರ ಹನ್ನೆರಡನೇ ಪುಟದಲ್ಲಿರುವುದು ಇಷ್ಟು. ವೆಬ್ ಪುಟದಲ್ಲಿ ಹೆಸರು, ಊರು, ದಿನಾಂಕ ಎಂದು ತುಂಬುವ ಜಾಗಗಳಿರುತ್ತವಲ್ಲ, ಯಾರಾದರೂ ಒಂದನ್ನು ಖಾಲಿ ಬಿಟ್ಟು ಗುಂಡಿ ಒತ್ತಿದರೆ "ದಿನಾಂಕ ತುಂಬಿ" ಎಂಬ ಎಚ್ಚರಿಕೆ ಬರಬೇಕು, ಫಾರ್ಮು ಅಲ್ಲೇ ನಿಲ್ಲಬೇಕು. ಎಚ್ಚರಿಸುವುದು ಒಂದು ಕೆಲಸ, ನಿಲ್ಲಿಸುವುದು ಇನ್ನೊಂದು. ತಪಾಸಣೆ ಮಾಡುವ ಭಾಗ "ಕಳುಹಿಸಬೇಡ" ಎಂದು ಉತ್ತರ ಕೊಡುತ್ತದೆ. ಆ ಉತ್ತರ ಫಾರ್ಮಿಗೆ ಮುಟ್ಟಬೇಕಾದರೆ ಅದನ್ನು ಕರೆಯುವ ಸಾಲಿನಲ್ಲಿ ರಿಟರ್ನ್ ಎಂಬ ಆಜ್ಞೆ ಇರಬೇಕು. ನನ್ನ ಪುಸ್ತಕದಲ್ಲಿ ಅದು ಇರಲಿಲ್ಲ. ಎಚ್ಚರಿಕೆಯೇನೋ ಬರುತ್ತಿತ್ತು. ಓಕೆ ಒತ್ತಿದ ಕೂಡಲೇ ಖಾಲಿ ಫಾರ್ಮು ಹೊರಟುಹೋಗುತ್ತಿತ್ತು.

ಮೂರು ವರ್ಷ ಯಾಕೆ ಗೊತ್ತಾಗಲಿಲ್ಲ ಎಂದು ಎಲ್ಲರೂ ಕೇಳುತ್ತಾರೆ. ನಮ್ಮ ಲ್ಯಾಬಿನಲ್ಲಿ ಫಾರ್ಮು ಹೋಗಿ ಸೇರಲು ಒಂದು ಜಾಗವೇ ಇರಲಿಲ್ಲ. ಪುಟ ಒಮ್ಮೆ ಮಿಣುಕಿ ಮತ್ತೆ ಖಾಲಿಯಾಗಿ ನಿಲ್ಲುತ್ತಿತ್ತು. ಮಕ್ಕಳು "ಔಟ್‌ಪುಟ್ ಬಂತು ಮೇಡಂ" ಎಂದು ಕೂಗುತ್ತಿದ್ದರು. ನಾನು ಸಾಲಿನ ನಡುವೆ ಹೋಗಿ, ಪರದೆಯ ಮೇಲೆ ಎಚ್ಚರಿಕೆಯ ಪೆಟ್ಟಿಗೆ ಕಂಡರೆ ರೆಕಾರ್ಡಿಗೆ ಸಹಿ ಹಾಕುತ್ತಿದ್ದೆ. ಓಕೆ ಒತ್ತಿ ನೋಡುವಷ್ಟು ಹೊತ್ತು ಯಾರ ಹಿಂದೆಯೂ ನಿಂತದ್ದಿಲ್ಲ.

ಚೈತ್ರ ಮಾತ್ರ ಅದನ್ನು ಲ್ಯಾಬಿನಾಚೆ ಒಯ್ದಿದ್ದಳು. ಅವಳ ಮಾವ ಮುನಿಸ್ವಾಮಪ್ಪನವರದು ಚಾಕಿ ಕೇಂದ್ರ. ಅಂದರೆ ರೇಷ್ಮೆ ಮೊಟ್ಟೆಯಿಂದ ಬಂದ ಮರಿಹುಳುವನ್ನು ಎಳೆ ಹಿಪ್ಪುನೇರಳೆ ಸೊಪ್ಪು ಹೆಚ್ಚಿ ಹಾಕಿ, ಎರಡನೇ ಸಲ ಪೊರೆ ಬಿಡುವ ಜ್ವರ ದಾಟಿಸಿ, ಆಮೇಲೆ ರೈತರ ಮನೆಗೆ ಕಳುಹಿಸುವ ಜಾಗ. ಇಂಥ ದಿನ ನೂರು ಮೊಟ್ಟೆಯ, ಎಂದರೆ ನೂರು ಚಿಟ್ಟೆ ಇಟ್ಟ ಮೊಟ್ಟೆಗಳ, ಹುಳು ಬೇಕೆಂದು ರೈತರು ಮುಂಚೆಯೇ ಹೇಳಿಡಬೇಕು. ಹುಳು ಬರುವ ಹೊತ್ತಿಗೆ ತೋಟದಲ್ಲಿ ಸೊಪ್ಪು ಸಿದ್ಧವಿರಬೇಕು. ಮಾವ ಅದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ಮದುವೆಯಾಗಿ ಹೋದ ಚೈತ್ರ, ರೈತರು ಫೋನಿನಲ್ಲೇ ಬುಕ್ ಮಾಡುವಂತೆ ಒಂದು ಪುಟ ಮಾಡಿಕೊಟ್ಟಳು. ಪುಸ್ತಕ ನೋಡಿ ಮಾಡಿದ ಪುಟ.

ದಿನಾಂಕ ಮರೆತ ರೈತ ಗುಂಡಿ ಒತ್ತುತ್ತಿದ್ದ. ಎಚ್ಚರಿಕೆ ಬರುತ್ತಿತ್ತು. ಅವನು ಓಕೆ ಒತ್ತಿ, ಮತ್ತೆ ಎಲ್ಲ ತುಂಬಿ, ದಿನಾಂಕವನ್ನೂ ಹಾಕಿ ಕಳುಹಿಸುತ್ತಿದ್ದ. ಕೇಂದ್ರಕ್ಕೆ ಹೋಗುತ್ತಿದ್ದುದು ಎರಡು ಬುಕಿಂಗು, ಒಂದು ದಿನಾಂಕವಿಲ್ಲದ್ದು. ದಿನಾಂಕ ಇಲ್ಲವೆಂದರೆ ಯಾವಾಗ ಕಳುಹಿಸಿದರೂ ಆದೀತು ಎಂದು ಆ ಕೇಂದ್ರದ ಹಳೆಯ ರೂಢಿ. ಹೀಗೆ ಮೂರು ಮನೆಗೆ ಸೊಪ್ಪು ಮೊಣಕಾಲುದ್ದ ಬರುವ ಮುಂಚೆಯೇ ಹುಳು ಬಂದಿಳಿಯಿತು. ಇಬ್ಬರು ಪಕ್ಕದ ತೋಟಗಳಲ್ಲಿ ಸೊಪ್ಪು ಬೇಡಿ ಹೇಗೋ ಸಾಕಿಕೊಂಡರು. ಒಬ್ಬರು ಸೊಪ್ಪು ಸಿಗದೆ ಟ್ರೇಗಳನ್ನು ತಿಪ್ಪೆಗೆ ಬಗ್ಗಿಸಿದರು.

ಈ ವಿವರವೆಲ್ಲ ಚೈತ್ರ ಫೋನಿನಲ್ಲಿ ಹೇಳಿದ್ದೋ, ಆಮೇಲೆ ಊರಿಗೆ ಹೋದಾಗ ಕೇಳಿದ್ದೋ, ಈಗ ಬೇರ್ಪಡಿಸಲಾರೆ. ಆ ದಿನ ಸಂಜೆ ನನ್ನ ಲ್ಯಾಪ್‌ಟಾಪಿನಲ್ಲಿ ಫಾರ್ಮನ್ನು ಹಿಡಿದಿಡುವ ವ್ಯವಸ್ಥೆ ಮಾಡಿ, ಪುಸ್ತಕದಲ್ಲಿದ್ದಂತೆಯೇ ಅಕ್ಷರ ಬಿಡದೆ ಟೈಪು ಮಾಡಿ ಓಡಿಸಿದ್ದು ಮಾತ್ರ ದಿನಚರಿಯಲ್ಲಿದೆ. "ಖಾಲಿ ಬಂತು" ಎಂದು ಎರಡೇ ಪದ. ಕೆಳಗೆ: "ಭಾನುವಾರ ದಿಬ್ಬೂರಹಳ್ಳಿ."

ಭಾನುವಾರ ಹೋದೆ. ಹುಳುಮನೆಯ ಬಾಗಿಲಲ್ಲಿ ಸುಣ್ಣದ ಪುಡಿ ತುಳಿದು, ಕೈ ತೊಳೆದು ಒಳಗೆ ಹೋಗಬೇಕು. ಮುನಿಸ್ವಾಮಪ್ಪನವರು ಕತ್ತಿಯಲ್ಲಿ ಎಳೆ ಸೊಪ್ಪು ಹೆಚ್ಚುತ್ತಿದ್ದರು. ಎಳೆದಾರದ ಹಾಗೆ ಸಣ್ಣಗೆ. ಅರವತ್ತು ದಾಟಿದ ಗಟ್ಟಿ ಆಳು. ಬುಕಿಂಗು ನೋಡಿಕೊಳ್ಳುವ ಮೇಜಿನ ಮೇಲೆ ನೋಟ್‌ಬುಕ್ಕು ಮತ್ತೆ ಬಂದಿತ್ತು. ಚೈತ್ರ ಗೋಡೆಯ ಪಕ್ಕ ನಿಂತಿದ್ದಳು. ಆಗ ಅವಳ ಮುಖ ನೆನಪಾಯಿತು: ಕೊನೆಯ ಬೆಂಚು, ಕಿಟಕಿಯ ಪಕ್ಕ.

"ಬನ್ನಿ ಮೇಡಮ್ನೋರೆ," ಎಂದರು. "ಕಾಲೇಜಿಂದ ಬಂದವ್ರೆ ಅಂದ್ರೆ, ನಮ್ ಚೈತ್ರಮ್ಮ ಅಲ್ಲೂ ಏನಾರ ಬಾಕಿ ಉಳಿಸ್ಕೊಂಡವ್ಳಾ?"

"ಇಲ್ಲ. ತಪ್ಪು ನನ್ನದು ಅಂತ ಹೇಳೋಕೆ ಬಂದೆ. ನನ್ನ ಪುಸ್ತಕದಲ್ಲೇ ಅದು ತಪ್ಪಿದೆ. ಅವಳು ಅದರಲ್ಲಿರೋ ಹಾಗೆ ಬರೆದಳು ಅಷ್ಟೆ."

ಕತ್ತಿ ನಿಲ್ಲಲಿಲ್ಲ. "ಸರೇ. ನೀವೇ ಬಂದು ಹೇಳಿದ್ರಲ್ಲ, ದೊಡ್ಡ ಮಾತು. ಆದ್ರೆ ಒಂದು ಕೇಳ್ತೀನಿ. ಮೊಟ್ಟೆ ಕೊಡೋರು ಮೊಟ್ಟೆ ಚೆನ್ನಾಗಿದೆ ಅಂತ್ಲೇ ಬರೆದು ಕೊಡ್ತಾರೆ. ನಾವು ಒಡೆದು ನೋಡ್ದೆ ರೈತನಿಗೆ ಕೊಟ್ಬಿಡ್ತೀವಾ? ಪುಸ್ತಕಕ್ಕೆ ಕಣ್ಣಿಲ್ಲ, ಸರಿ. ನೋಡಿ ಬರೆಯೋಳಿಗಾದ್ರೂ ಇರಬೇಕಲ್ವಾ?"

ಚೈತ್ರ ಮುಂದೆ ಬಂದು, ಹೆಚ್ಚಿದ ಸೊಪ್ಪನ್ನು ಬುಟ್ಟಿಗೆ ತುಂಬಿಕೊಂಡು ಒಳಗೆ ಹೋದಳು. "ಓದಿರೋ ಹುಡುಗಿ ಅಂತ ಪೂರ್ತಿ ಅವಳ ಕೈಗೇ ಬಿಟ್ಟಿದ್ದೆ," ಎಂದರು ಮುನಿಸ್ವಾಮಪ್ಪನವರು ಸ್ವಲ್ಪ ತಗ್ಗಿದ ದನಿಯಲ್ಲಿ. "ಈಗ ರೈತರು ನನ್ನ ಕೇಳ್ತಾರೆ, ಏನಪ್ಪ, ಈ ಸಲ ನೀನು ಬರಕೊಂಡ್ಯೋ, ನಿನ್ನ ಸೊಸೆಯೋ ಅಂತ." ಅವಳು ಬರೆದುಕೊಂಡಿದ್ದರೆ ಬೇಡ ಎನ್ನುತ್ತಿದ್ದರಂತೆ.

ಅಲ್ಲಿಂದ ಬರುವಾಗ ನಾನು ಎರಡು ತೀರ್ಮಾನ ಮಾಡಿದೆ ಎಂದು ನೆನಪು. ಪುಸ್ತಕದ ಪ್ರತಿಯೊಂದು ಪ್ರೋಗ್ರಾಮನ್ನೂ ಅಚ್ಚಾದ ಪುಟದಿಂದಲೇ ಮತ್ತೆ ಟೈಪು ಮಾಡಿ ಕೊನೆಯವರೆಗೆ ಓಡಿಸಿ ನೋಡುವುದು. ಸಿಕ್ಕುವ ಎಲ್ಲ ಪ್ರತಿಗಳನ್ನೂ, ದಸರಾ ರಜೆಯ ನಂತರದ ಪ್ರಾಯೋಗಿಕ ಪರೀಕ್ಷೆಯ ಒಳಗೆ, ತಿದ್ದುವುದು. ದಿನಚರಿಯಲ್ಲಿ ಮೂರನೆಯದೂ ಇದೆ, ಅದನ್ನು ನಾನು ಮರೆತಿದ್ದೆ: "ಚೈತ್ರಳಿಗೆ ಆ ಮೇಜು ವಾಪಸ್ಸು ಸಿಗಬೇಕು. ಹೇಗೆ?"

ಟೈಪು ಮಾಡುವ ಕೆಲಸಕ್ಕೆ ಐದು ವಾರ ಹಿಡಿಯಿತು. ನನ್ನ ಹಳೆಯ ಫೈಲುಗಳನ್ನು ತೆರೆಯಬಾರದು ಎಂದು ನನಗೆ ನಾನೇ ಕಟ್ಟಳೆ ಹಾಕಿಕೊಂಡಿದ್ದೆ. ಗೊತ್ತಿದ್ದವಳ ಕಣ್ಣು ಇಲ್ಲದ್ದನ್ನೂ ಇರುವಂತೆ ಓದಿಬಿಡುತ್ತದೆ. ಆದ್ದರಿಂದ ಏನೂ ಗೊತ್ತಿಲ್ಲದ ಮೊದಲ ವರ್ಷದವಳಂತೆ, ಪುಟದ ಮೇಲೆ ಅಡಿಕೋಲಿಟ್ಟು ಒಂದೊಂದೇ ಸಾಲು ಇಳಿಸುತ್ತಾ ಟೈಪು ಮಾಡಿದೆ. ಕಾಲೇಜು ಬಿಟ್ಟ ಮೇಲೆ ಲ್ಯಾಬಿನಲ್ಲಿ ಒಂದು ಗಂಟೆ. ಹೊರಗೆ ತಗಡಿನ ಮೇಲೆ ಮಳೆ ಬಿದ್ದು ಕರೆಂಟು ಹೋದರೆ ಆ ದಿನದ್ದು ಅಷ್ಟಕ್ಕೇ. ಒಟ್ಟು ಮೂವತ್ತೇಳು ತಪ್ಪು ಸಿಕ್ಕಿದವು. ಹೆಚ್ಚಿನವು ಸಣ್ಣವು, ಓಡದೆ ನಿಂತು, ತಾವೇ ತಪ್ಪೆಂದು ತೋರಿಸಿಕೊಡುವಂಥವು. ಓಡಿಕೊಂಡೇ ಮೋಸ ಮಾಡುವಂಥದು ಒಂದೇ. ಉಳಿದ ಮೂವತ್ತಾರಕ್ಕೆ ಬಿಡಿ ತಿದ್ದುಪಡಿ ಹಾಳೆ ಸಾಕು, ಆದರೆ ಬಿಡಿ ಹಾಳೆ ಬಿದ್ದುಹೋಗುತ್ತದೆ. ನೂರ ಹನ್ನೆರಡನೇ ಪುಟಕ್ಕೆ ಆ ಸಾಲಿನ ಮೇಲೇ ಕೂರುವ ಚೀಟಿ ಬೇಕೆಂದು ಖಲೀಲ್ ಸಾಹೇಬರ ಹತ್ತಿರ ಹೋದೆ.

"ಅರೆ, ಬಿಡಿ ಮೇಡಂ," ಎಂದರು ಅವರು, ಕನ್ನಡಕವನ್ನು ಹಣೆಗೇರಿಸಿ. "ಮುಂದಿನ ಸಲ ಅಚ್ಚು ಹಾಕುವಾಗ ಸರಿ ಮಾಡಣ. ಮದುವೆ ಕಾರ್ಡಲ್ಲಿ ಹುಡುಗನ ಹೆಸರೇ ತಪ್ಪಾಗಿತ್ತು ಒಂದ್ಸಲ. ಮದುವೆ ನಿಂತೋಯ್ತಾ? ಇಲ್ಲ. ಈಗ ಎರಡು ಮಕ್ಕಳು."

"ತಾರೀಖು ತಪ್ಪಾಗಿದ್ರೆ ಸಾಹೇಬ್ರೆ?"

ಅವರು ಕನ್ನಡಕವನ್ನು ಮತ್ತೆ ಮೂಗಿಗೆ ಇಳಿಸಿದರು. ಆಮೇಲೆ, "ತಾರೀಖು ತಪ್ಪಾದ್ರೆ ಮಾತ್ರ ಚೀಟಿ ಅಂಟಿಸ್ಲೇಬೇಕು," ಎಂದರು. "ಹಂಚಿಬಿಟ್ಟಿದ್ರೂ ಮನೆಮನೆಗೆ ಹೋಗಿ ಅಂಟಿಸಬೇಕು. ನಮ್ಮಪ್ಪ ಹಂಗೇ ಮಾಡ್ತಿದ್ರು. ಇಲ್ಲಾಂದ್ರೆ ಜನ ಖಾಲಿ ಛತ್ರಕ್ಕೆ ಬಂದು ನಿಂತ್ಕೊಂತಾರೆ."

"ಇದು ತಾರೀಖಿನ ತಪ್ಪೇ." ದಿಬ್ಬೂರಹಳ್ಳಿಯ ಕಥೆ ಹೇಳಿದೆ. ತಿಪ್ಪೆಗೆ ಬಗ್ಗಿಸಿದ ಟ್ರೇಯ ವಿಷಯಕ್ಕೆ ಬಂದಾಗ ಅವರು "ತೌಬಾ" ಎಂದು ಕೆನ್ನೆ ಮುಟ್ಟಿಕೊಂಡರು. ಶಿಡ್ಲಘಟ್ಟದಲ್ಲಿ ಯಾರಿಗೇ ಆಗಲಿ ಹುಳು ಚೆಲ್ಲಿದರೆಂದರೆ ಅರ್ಥವಾಗುತ್ತದೆ.

ಚೀಟಿಯ ಒಕ್ಕಣೆ ಬರೆದುಕೊಟ್ಟೆ. ಮೇಲೆ "ಮುದ್ರಣದೋಷ", ಕೆಳಗೆ ಸರಿಯಾದ ಸಾಲು. ಅವರು ಓದಿ ಅದನ್ನು ನನ್ನ ಕಡೆಗೇ ತಿರುಗಿಸಿ ಇಟ್ಟರು.

"ಇದೇನು ಮೇಡಂ? ಮುದ್ರಣ ಅಂದ್ರೆ ನಾನು. ದೋಷ ನನ್ನದಾ?"

"ಎಲ್ಲ ಪುಸ್ತಕದಲ್ಲೂ ಹಾಗೇ ಹಾಕ್ತಾರಲ್ಲ ಸಾಹೇಬ್ರೆ. ಅದೊಂದು ರೂಢಿ."

ಅವರು ಎದ್ದು ಕಬ್ಬಿಣದ ಬೀರುವಿನಿಂದ ನಾನು ಮೂರು ವರ್ಷದ ಹಿಂದೆ ಕೊಟ್ಟ ಹಸ್ತಪ್ರತಿಯನ್ನೇ ತೆಗೆದರು. ನನ್ನ ಕೈಬರಹ. ಆ ಸಾಲು ಅಚ್ಚಿನಲ್ಲಿದ್ದಂತೆಯೇ ಇತ್ತು, ಅದರ ಪಕ್ಕ ಅಚ್ಚಿಗೆ ಸರಿಯಿದೆ ಎಂದು ನಾನೇ ಹಾಕಿದ ಗುರುತು. "ನೀವು ಏನು ಕೊಟ್ರೋ ನಾನು ಅದನ್ನೇ ಹಾಕಿದ್ದೀನಿ. ಚೀಟಿ ನಾನೇ ಅಚ್ಚು ಹಾಕಿಕೊಡ್ತೀನಿ, ಅಂಟೂ ನಾನೇ ಕಾಯಿಸ್ತೀನಿ. ಈ ಮಾತು ಮಾತ್ರ ತೆಗೀರಿ."

ದಿಬ್ಬೂರಹಳ್ಳಿಗೆ ಹೋಗಿ ತಪ್ಪು ನನ್ನದೆಂದು ಹೇಳಿ ಬಂದವಳು ನಾನೇ. ಎರಡು ತಿಂಗಳು ಕಳೆಯುವುದರೊಳಗೆ ಅಷ್ಟು ಸಲೀಸಾಗಿ ಇನ್ನೊಬ್ಬರ ಮೇಲೆ ಹಾಕಿದ್ದೆ, ಹಾಕಿದ್ದು ನನಗೇ ಗೊತ್ತಾಗಿರಲಿಲ್ಲ. ಆ ಪದ ಹೊಡೆದು "ಲೇಖಕಿಯ ತಪ್ಪು" ಎಂದು ಬರೆದೆ. ಸಾಹೇಬರು ಓದಿ, "ಹಾಂ, ಈಗ ಅಂಟುತ್ತೆ," ಎಂದರು.

ಅಂಟಿಸುವುದರಲ್ಲೂ ಒಂದು ಕಸಬಿದೆ ಎಂದು ಆಗ ಕಲಿತೆ. ಮೈದಾ ಹಿಟ್ಟನ್ನು ತಣ್ಣೀರಲ್ಲಿ ಕಲಸಿ, ಗಂಟಾಗದಂತೆ ಕಾಯಿಸಿ, ಚಿಟಿಕೆ ಮೈಲುತುತ್ತ ಹಾಕಬೇಕು, ಇಲ್ಲದಿದ್ದರೆ ಜಿರಳೆ ತಿನ್ನುತ್ತದೆ. ಅಂಟನ್ನು ಪುಟಕ್ಕಲ್ಲ, ಚೀಟಿಗೆ ಸವರಬೇಕು. ನಡುವಿನಿಂದ ಅಂಚಿಗೆ ಒತ್ತಬೇಕು. ಮಳೆಗಾಲದಲ್ಲಿ ಬೇಗ ಒಣಗುವುದಿಲ್ಲ, ಪುಸ್ತಕವನ್ನು ಅರ್ಧ ತೆರೆದು ನಿಲ್ಲಿಸಬೇಕು. ಪ್ರೆಸ್ಸಿನ ನೆಲದ ತುಂಬ ನನ್ನ ಪುಸ್ತಕಗಳು ರೆಕ್ಕೆ ಬಿಚ್ಚಿದ ಪಾರಿವಾಳಗಳ ಹಾಗೆ ನಿಂತಿರುತ್ತಿದ್ದವು. ಪ್ರೆಸ್ಸಿನಲ್ಲಿ ಉಳಿದಿದ್ದವನ್ನು ಮುಗಿಸಿ, ಡಬ್ಬಿಯಲ್ಲಿ ಅಂಟು ತುಂಬಿಕೊಂಡು ಶನಿವಾರ ಭಾನುವಾರ ಹೊರಟೆ. ಚಿಂತಾಮಣಿಯಲ್ಲಿ ನಮ್ಮ ತರಗತಿಗಳು, ಚಿಕ್ಕಬಳ್ಳಾಪುರದ ಅಂಗಡಿಗಳು ಮತ್ತು ಎರಡು ಕಾಲೇಜಿನ ಗ್ರಂಥಾಲಯ. ಹಳೆಯ ವಿದ್ಯಾರ್ಥಿಗಳಿಗೆ ಫೋನು. ಒಂದು ಉದ್ದ ಪಟ್ಟಿಯಲ್ಲಿ ಸಿಕ್ಕಿದ ಪ್ರತಿಗೊಂದು ಗೀಟು.

ಗೌರಿಬಿದನೂರಿಗೆ ಮಂಚೇನಹಳ್ಳಿಯ ದಾರಿಯಾಗಿ ಹೋದ ದಿನ ಡಬ್ಬಿಯ ಮುಚ್ಚಳ ಸಡಿಲಾಗಿ ಅಂಟು ಪಕ್ಕದವರ ಸೊಪ್ಪಿನ ಚೀಲಕ್ಕೆ ಸುರಿದು ಬೈಸಿಕೊಂಡೆ. ಅಲ್ಲಿನ ಪುಸ್ತಕದ ಅಂಗಡಿಯವರು ಒಪ್ಪಲಿಲ್ಲ. "ಚೀಟಿ ಅಂಟಿಸಿದ ಪುಸ್ತಕ ಯಾರು ತಗೊಂತಾರೆ ಮೇಡಂ? ಒಳಗೆ ತಪ್ಪಿದೆ ಅಂತ ನೀವೇ ಬೋರ್ಡು ಹಾಕ್ದಂಗೆ." ಅರ್ಧ ದಿನ ಅವರ ಸ್ಟೂಲಿನ ಮೇಲೆ ಕೂತೆ. ಮಧ್ಯಾಹ್ನದ ಹೊತ್ತಿಗೆ ಬೇಸತ್ತು, "ತಗೊಳ್ಳಿ, ಅಂಟಿಸ್ಕೊಳ್ಳಿ, ಕೌಂಟರಿಗೆ ಮಾತ್ರ ಮೆತ್ತಬೇಡಿ," ಎಂದು ಹನ್ನೊಂದು ಪ್ರತಿ ಮುಂದಿಟ್ಟರು. ಹಿಂದಿನ ವಾರ ಒಂದು ಪ್ರತಿ ಮಾರಿದ್ದರಂತೆ. ಕೊಂಡವಳು ಕುಡುಮಲಕುಂಟೆಯ ಫ್ಯಾಕ್ಟರಿಯೊಂದರಲ್ಲಿ ಕೆಲಸ ಮಾಡುತ್ತಾ ಪರೀಕ್ಷೆ ಕಟ್ಟಿದ್ದವಳು. ಫೋನು ಮಾಡಿಸಿ, ಶಿಫ್ಟು ಬಿಡುವ ಹೊತ್ತಿಗೆ ಗೇಟಿನ ಹತ್ತಿರ ಹೋಗಿ ನಿಂತೆ. ಊಟದ ಡಬ್ಬಿಯ ಚೀಲದಿಂದಲೇ ಪುಸ್ತಕ ತೆಗೆದಳು. ಬಸ್ ನಿಲ್ದಾಣದ ಕಲ್ಲಿನ ಮೇಲಿಟ್ಟು ಅಂಟಿಸಿದೆ.

"ಇಷ್ಟಕ್ಕೆ ಶಿಡ್ಲಘಟ್ಟದಿಂದ ಬಂದ್ರಾ?" ಎಂದಳು. ಆಮೇಲೆ ಚೀಟಿಯನ್ನು ಓದಿ ನಕ್ಕಳು. "ಆದ್ರೆ ಮೇಡಂ, ಇದನ್ನ ನಾನು ಆಗ್ಲೇ ಬಾಯಿಪಾಠ ಮಾಡಿಬಿಟ್ಟಿದ್ದೀನಲ್ಲ. ಪುಸ್ತಕಕ್ಕೆ ಅಂಟಿಸಿದ್ರಿ, ನನ್ನ ತಲೆಗೆ ಎಲ್ಲಿ ಅಂಟಿಸ್ತೀರ?"

ಬಸ್ಸು ಬರುವವರೆಗೆ ನಿಂತುಕೊಂಡೇ ಆ ಸಾಲು ಯಾಕೆ ಹಾಗಿರಬೇಕೆಂದು ಹೇಳಿಕೊಟ್ಟೆ. ಅವಳು ಎರಡು ಪ್ರಶ್ನೆ ಕೇಳಿದಳು, ಎರಡೂ ಒಳ್ಳೆಯ ಪ್ರಶ್ನೆ. ವಾಪಸ್ಸು ಬರುವಾಗ ಅವಳ ಮಾತೇ ತಲೆಯಲ್ಲಿತ್ತು. ಮೂರು ಬ್ಯಾಚಿನ ತಲೆಗಳಲ್ಲಿ ಆ ಸಾಲು ಹೇಗೆ ಕೂತಿದೆಯೋ ಎನ್ನಿಸಿತು. ಲ್ಯಾಬಿನ ಬೀರುವಿನಲ್ಲಿ ಹಳೆಯ ರೆಕಾರ್ಡುಗಳು ರದ್ದಿಗೆ ಹಾಕಲು ಕಟ್ಟಿಟ್ಟಿದ್ದು ನೆನಪಾಯಿತು. ಪರೀಕ್ಷೆ ಮುಗಿದ ಮೇಲೆ ಎಷ್ಟೋ ಮಕ್ಕಳು ಅವನ್ನು ತೆಗೆದುಕೊಂಡು ಹೋಗುವುದೇ ಇಲ್ಲ. ಒಬ್ಬರಾದರೂ ಸರಿಯಾಗಿ ಬರೆದಿದ್ದಾರೆಯೇ ಎಂದು ನೋಡಬೇಕೆನ್ನಿಸಿತು.

ಅಲ್ಲಿಯವರೆಗೆ ನಾನು ಕೇಳಿದವರಿಗೆಲ್ಲ ಒಂದು ಮಾತು ಹೇಳುತ್ತಾ ಬಂದಿದ್ದೆ: "ಮೂರು ವರ್ಷದಲ್ಲಿ ಒಬ್ಬರೂ ನನಗೆ ಹೇಳಲಿಲ್ಲ." ಖಲೀಲ್ ಸಾಹೇಬರಿಗೆ, ಪ್ರಿನ್ಸಿಪಾಲರಿಗೆ, ಗೌರಿಬಿದನೂರಿನ ಅಂಗಡಿಯಲ್ಲಿ ಕೂಡ. ದಿನಚರಿಯಲ್ಲಿ ನಾಲ್ಕು ಕಡೆ ಬರೆದುಕೊಂಡಿದ್ದೇನೆ.

ಸೋಮವಾರ ರೆಕಾರ್ಡುಗಳ ಕಟ್ಟು ಬಿಚ್ಚಿದೆ. ಎಲ್ಲರದೂ ಪುಸ್ತಕದಲ್ಲಿದ್ದ ಹಾಗೆಯೇ, ನನ್ನ ಸಹಿಯೊಂದಿಗೆ. ಪುಸ್ತಕ ಬಂದ ವರ್ಷದ ಕಟ್ಟಿನಲ್ಲಿ ಒಂದು ಮಾತ್ರ ಬೇರೆಯಿತ್ತು. ನೀಲಿ ಶಾಯಿಯ ಅಚ್ಚುಕಟ್ಟು ಅಕ್ಷರ. ಸಾಲಿನಲ್ಲಿ ರಿಟರ್ನ್ ಇತ್ತು. ಅದರ ಮೇಲೆ ಕೆಂಪು ಶಾಯಿಯ ಗೆರೆ ಎಳೆದಿತ್ತು. ಪಕ್ಕದ ಅಂಚಿನಲ್ಲಿ "ಪುಸ್ತಕ ನೋಡಿ" ಎಂದು ಬರೆದು, ಹತ್ತಕ್ಕೆ ಎಂಟು ಅಂಕ ಕೊಟ್ಟಿತ್ತು. ಕೆಳಗೆ ನನ್ನ ಸಹಿ, ತಾರೀಖು. ಹೊದಿಕೆ ತಿರುಗಿಸಿ ನೋಡಿದೆ. ಚೈತ್ರ.

ಆ ಗೆರೆ ಎಳೆದದ್ದು ನನಗೆ ನೆನಪಿಲ್ಲ. ಇವತ್ತಿಗೂ ಇಲ್ಲ. ಮನೆಗೆ ಹೋಗಿ ಆ ತಾರೀಖಿನ ದಿನಚರಿ ತೆಗೆದೆ. "ರೆಕಾರ್ಡು ಸಹಿ ಮುಗಿಯಿತು. ಬಸ್ಸು ತಡ. ತಲೆನೋವು." ತಲೆನೋವು ಬರೆಯುವುದಕ್ಕೆ ಜಾಗವಿತ್ತು.

ಚೈತ್ರಳಿಗೆ ಫೋನು ಮಾಡಿದೆ. "ನಿನ್ನ ರೆಕಾರ್ಡು ಸಿಕ್ಕಿತು," ಎಂದೆ.

"ಅದು ಇನ್ನೂ ಇದೆಯಾ ಮೇಡಂ?"

"ಅವತ್ತೇ ಬಂದು ಯಾಕೆ ಹೇಳಲಿಲ್ಲ ನೀನು?"

"ಹೇಳಿದ್ದೆ ಮೇಡಂ." ದನಿಯಲ್ಲಿ ದೂರಿರಲಿಲ್ಲ, ಅದೇ ಕಷ್ಟವಾಯಿತು. "ನಿಮ್ಮ ಟೇಬಲ್ ಹತ್ರ ಬಂದು ಕೇಳಿದ್ದೆ. ನೀವು, ಔಟ್‌ಪುಟ್ ಬರುತ್ತಲ್ಲ, ಪರೀಕ್ಷೆಗೆ ಹೊರಗಿಂದ ಬರೋರು ಪುಸ್ತಕ ಇಟ್ಕೊಂಡು ನೋಡ್ತಾರೆ, ಅದರಲ್ಲಿರೋ ಹಾಗೆ ಬರಿಯಮ್ಮ ಅಂದ್ರಿ. ಮಾವನವರಿಗೆ ಪುಟ ಮಾಡುವಾಗಲೂ ಒಂದು ಗಳಿಗೆ ಯೋಚನೆ ಮಾಡ್ದೆ. ಮೇಡಂ ಹೊಡೆದು ಹಾಕಿದ್ರಲ್ಲ, ನಂದೇ ತಪ್ಪಿರಬೇಕು ಅಂತ ಪುಸ್ತಕದ್ದೇ ಹಾಕಿದೆ."

ಮುನಿಸ್ವಾಮಪ್ಪನವರ ಪ್ರಶ್ನೆಗೆ ಉತ್ತರ ನನ್ನ ಕೈಯಲ್ಲೇ ಇತ್ತು. ನೋಡಿ ಬರೆಯುವವಳಿಗೆ ಕಣ್ಣಿತ್ತು. ಅದನ್ನು ಅವರಿಗೆ ಫೋನಿನಲ್ಲಿ ಹೇಳಬಹುದಿತ್ತು. ಬೇಡವೆನ್ನಿಸಿತು, ನನ್ನ ಮಾತನ್ನು ಅವರು ಒಮ್ಮೆ ಕೇಳಿ ಆಗಿತ್ತು. ಈ ಸಲ ಅವರು ಕಾಗದ ನೋಡಲಿ ಎಂದು ಮಾರನೆಯ ದಿನ ರಜೆ ಹಾಕಿ ರೆಕಾರ್ಡನ್ನು ಚೀಲದಲ್ಲಿಟ್ಟುಕೊಂಡು ಹೊರಟೆ. ದಾರಿಯುದ್ದಕ್ಕೂ ಸೋನೆ. ಇದು ದಿನಚರಿಯಲ್ಲೂ ಇದೆ.

ಹುಳು ಒಯ್ಯಲು ನಾಲ್ಕೈದು ಜನ ರೈತರು ಬಂದಿದ್ದರು. ಅಷ್ಟು ಜನರ ಮುಂದೆ ಬೇಡವೆಂದು ಒಂದು ಗಳಿಗೆ ಅನ್ನಿಸಿದ್ದು ನಿಜ. ಆದರೆ ಚೈತ್ರಳ ಹೆಸರು ಕೆಟ್ಟದ್ದು ಅವರ ಮುಂದೆಯೇ. ರೆಕಾರ್ಡನ್ನು ನೋಟ್‌ಬುಕ್ಕಿನ ಮೇಲೆ ತೆರೆದಿಟ್ಟೆ. ಮುನಿಸ್ವಾಮಪ್ಪನವರಿಗೆ ಇಂಗ್ಲಿಷು ಬಾರದು. ಬಗ್ಗಿ ನೋಡಿದರು.

"ಇದ್ಯಾವುದು, ಅದ್ಯಾವುದು?"

"ನೀಲಿ ಚೈತ್ರ ಬರೆದಿದ್ದು, ಮೂರು ವರ್ಷದ ಹಿಂದೆ. ಕೆಂಪು ನಾನು ಹಾಕಿದ್ದು."

"ನೀಲಿ ಸರಿ ಐತಾ?"

"ಸರಿ ಇದೆ."

"ಅಂಗಾದ್ರೆ ಕೆಂಪು?"

"ಕೆಂಪು ತಪ್ಪು. ಅವಳು ಸರಿಯಾಗೇ ಬರೆದಿದ್ಲು. ಬಂದು ಹೇಳಿಯೂ ಇದ್ಲು. ನಾನು ಕೇಳಲಿಲ್ಲ, ಹೊಡೆದು ಹಾಕಿದೆ. ನೀವು ಅವತ್ತು ಕಣ್ಣಿರಬೇಕಲ್ವಾ ಅಂದ್ರಲ್ಲ, ಇತ್ತು. ಮುಚ್ಚಿಸಿದವಳು ನಾನು."

ಒಬ್ಬ ರೈತ, "ಮೇಷ್ಟ್ರಮ್ಮನೇ ಫೇಲು ಕಣಪ್ಪೋ," ಎಂದ. ಯಾರೋ ನಕ್ಕರು. ಮುನಿಸ್ವಾಮಪ್ಪನವರು ನಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ಸೊಸೆಯ ಕಡೆ ತಿರುಗಿದರು.

"ಏನಮ್ಮಾ, ಇವರು ಅವತ್ತು ಬಂದಾಗ ನಾನು ಅಷ್ಟು ಮಾತಂದೆ. ಗೊತ್ತಿದ್ದೂ ಯಾಕೆ ಬಾಯಿ ಬಿಡ್ಲಿಲ್ಲ?"

"ಅವರು ತಪ್ಪು ಒಪ್ಕೊಳ್ಳೋಕೆ ಅಂತ ಮನೆಗೆ ಬಂದಿದ್ರು ಮಾವ. ಅವರ ಮುಂದೆ ಇನ್ನೊಂದು ತಪ್ಪು ಹೇಳ್ಲಾ?"

ಅವರು ಅವಳ ಫೋನಿಗೆ ಕೈ ಚಾಚಿದರು. ಚೈತ್ರ ಪುಟವನ್ನು ನೀಲಿಯಲ್ಲಿದ್ದ ಹಾಗೆ ತಿದ್ದಿ ಎಷ್ಟೋ ದಿನವಾಗಿತ್ತು. ತೆರೆದು ನೋಡುವವರಿರಲಿಲ್ಲ ಅಷ್ಟೆ. ಮುನಿಸ್ವಾಮಪ್ಪನವರು ಹೆಸರು ತುಂಬಿಸಿ, ದಿನಾಂಕ ಬಿಟ್ಟು, ಹೆಬ್ಬೆರಳಲ್ಲಿ ಒತ್ತಿದರು. ಎಚ್ಚರಿಕೆ ಬಂತು. ಓಕೆ ಒತ್ತಿದರು. ಕೇಂದ್ರದ ಪಟ್ಟಿಯಲ್ಲಿ ನೋಡಿದರೆ ಏನೂ ಸೇರಿರಲಿಲ್ಲ. ಮತ್ತೆ ಒತ್ತಿದರು. ಊರು ಬಿಟ್ಟರು, ಮೊಟ್ಟೆಯ ಲೆಕ್ಕ ಬಿಟ್ಟರು, ಎಲ್ಲವನ್ನೂ ಬಿಟ್ಟು ಒತ್ತಿದರು. ರೈತರೂ ಒಬ್ಬೊಬ್ಬರಾಗಿ ಬಂದು ಒತ್ತಿದರು. ಅದನ್ನು ಸೋಲಿಸಲೇಬೇಕೆಂದು ಹಟ ಹಿಡಿದವರಂತೆ ಕಾಲು ಗಂಟೆ ನಡೆಯಿತು. ನಾನು ನಿಂತು ನೋಡಿದೆ. ಒಬ್ಬ ವಿದ್ಯಾರ್ಥಿಯ ಹಿಂದೆಯೂ ನಾನು ಇಷ್ಟು ಹೊತ್ತು ನಿಂತಿರಲಿಲ್ಲ.

ಕೊನೆಗೆ ಅವರು ಫೋನನ್ನು ಚೈತ್ರಳ ಕೈಗೆ ಕೊಟ್ಟು, ನೋಟ್‌ಬುಕ್ಕನ್ನು ಮಡಿಚಿ ಗೂಡಿನಲ್ಲಿಟ್ಟರು. "ನಾಳೆಯಿಂದ ಇಲ್ಲಿ ನೀನೇ ಕೂತ್ಕೊ," ಎಂದರು ಮೇಜನ್ನು ತೋರಿಸಿ. "ಮತ್ತೆ ಒಂದು ಹೇಳ್ತೀನಿ ಕೇಳು. ಇನ್ಮೇಲೆ ಯಾರಾರ ಕೆಂಪಿಂಕು ಹಾಕಿದ್ರೆ, ಮೇಡಮ್ನೋರೇ ಹಾಕ್ಲಿ, ನಾನೇ ಹಾಕ್ಲಿ, ಯಾಕೆ ಅಂತ ಎರಡನೇ ಸಲ ಕೇಳು."

"ನೀವು ಬೈದ್ರೆ?"

"ಬೈಯ್ತೀನಿ. ಮೂರನೇ ಸಲ ಕೇಳು."

ಪ್ರಾಯೋಗಿಕ ಪರೀಕ್ಷೆಯ ಹಿಂದಿನ ವಾರ ನನ್ನ ಪಟ್ಟಿಯಲ್ಲಿ ಎಂಟುನೂರ ಹತ್ತು ಗೀಟುಗಳಿದ್ದವು. ಉಳಿದವು ಹರಿದು ಹೋಗಿವೆ, ಇಲ್ಲವೆ ಕೈ ಬದಲಾಗಿವೆ ಎಂದು ಸಮಾಧಾನ ಮಾಡಿಕೊಂಡೆ. ಮರು ಮುದ್ರಣದಲ್ಲಿ ಆ ಪುಟದ ಕೆಳಗೆ, ಇದನ್ನು ಮೊದಲು ಸರಿಯಾಗಿ ಬರೆದವರು ಯಾರು, ಹೊಡೆದು ಹಾಕಿದವರು ಯಾರು ಎಂದು ಎರಡು ಸಾಲು ಸೇರಿಸಿದ್ದೇನೆ. ಚೈತ್ರಳ ರೆಕಾರ್ಡು ಅವಳ ಒಪ್ಪಿಗೆಯ ಮೇಲೆ ನನ್ನ ಹತ್ತಿರವೇ ಇದೆ. ನೆನಪು ಬೇರೆ ಕಥೆ ಹೇಳತೊಡಗಿದಾಗ ತೆಗೆದು ನೋಡುತ್ತೇನೆ.

ಕಳೆದ ವಾರ ಚಿಕ್ಕಬಳ್ಳಾಪುರದ ಆ ಅಂಗಡಿಯವರು ರಾಶಿಯ ತಳದವರೆಗೂ ಕೈ ಹಾಕಿ ಇನ್ನೊಂದು ಪ್ರತಿ ತೆಗೆದರು. ಮೊದಲ ಮುದ್ರಣವೇ. ನೂರ ಹನ್ನೆರಡನೇ ಪುಟ ನುಣ್ಣಗೆ, ಒಂದು ಸುಕ್ಕಿಲ್ಲದೆ ಇತ್ತು. ನನ್ನ ಪಟ್ಟಿಗೆ ಸಿಗದೆ ಉಳಿದದ್ದು. ಹುಡುಗಿ ಖುಷಿಯಿಂದ ಅದನ್ನೇ ಎದೆಗವಚಿಕೊಂಡಳು.

"ಒಂದು ನಿಮಿಷ ಕೊಡಮ್ಮ," ಎಂದೆ. ಚೀಲದಲ್ಲಿ ಉತ್ತರಪತ್ರಿಕೆ ತಿದ್ದುವ ಕೆಂಪು ಪೆನ್ನಿತ್ತು. ಸಾಲಿನಲ್ಲಿ ಇರಬೇಕಾದ ಜಾಗದಲ್ಲಿ ಆ ಆಜ್ಞೆಯನ್ನು ಬರೆದು, ಪಕ್ಕದಲ್ಲಿ ಸಹಿ ಹಾಕಿದೆ.

"ಅಯ್ಯೋ ಆಂಟಿ! ಚೆನ್ನಾಗಿರೋದನ್ನೇ ಹುಡುಕಿಸಿದ್ದು ನಾನು. ನೀವು ಯಾರು ಇದ್ರಲ್ಲಿ ಗೀಚೋಕೆ?"

"ಇದನ್ನ ಬರೆದೋಳು. ಪುಸ್ತಕದಲ್ಲಿರೋ ಹಾಗೆ ಒಂದ್ಸಲ ಓಡಿಸು, ನಾನು ಈಗ ಬರೆದಿರೋ ಹಾಗೆ ಒಂದ್ಸಲ. ಕೊನೇವರೆಗೂ ಓಡಿಸು. ಕೆಂಪೇ ತಪ್ಪು ಅಂತ ಕಂಡ್ರೆ ಹೊಡೆದು ಹಾಕು."

ಅವಳು ಸಹಿಯನ್ನೂ ಹೊದಿಕೆಯ ಮೇಲಿನ ಹೆಸರನ್ನೂ ಎರಡೆರಡು ಸಲ ಹೋಲಿಸಿ ನೋಡಿದಳು. "ಬರೆದವರಿಗೇ ತಪ್ಪು ಹೆಂಗೆ ಗೊತ್ತಾಯ್ತು ಮತ್ತೆ?"

ನಾನೇ ಕಂಡುಹಿಡಿದೆ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಇಷ್ಟು ವರ್ಷವಾದರೂ ಅದು ಮೊದಲು ಬಂದು ನಿಲ್ಲುತ್ತದೆ.

"ಒಬ್ಬಳು ಹೇಳಿದ್ಲು," ಎಂದೆ. "ಎರಡು ಸಲ ಹೇಳಿದ್ಲು."